ಕಂಪ್ಯೂಟರಿನಲ್ಲಿ 140, ಸ್ಟೋರಿನಲ್ಲಿ 90: ಆ 50 ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: "ನಮ್ಮದು ಯಂತ್ರಗಳ ಬಿಡಿಭಾಗ ತಯಾರಿಸಿ ಮಾರುವ ಉದ್ಯಮ. ಒಟ್ಟು 40 ಜನ ಇದ್ದೇವೆ. ಬಿಲ್ಲು, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ಸಿಗಲಿ ಅಂತ ಎರಡು ವರ್ಷದ ಹಿಂದೆ ಒಂದು ಸಾಫ್ಟ್‌ವೇರ್ ತಂದೆವು. ಇವತ್ತಿಗೂ ಕಂಪ್ಯೂಟರ್ ಒಂದು ಐಟಂ 140 ಇದೆ ಅಂತ ತೋರಿಸಿದರೆ ಸ್ಟೋರಿನಲ್ಲಿ 90 ಇರುತ್ತದೆ. ಸ್ಟೋರ್ ನೋಡಿಕೊಳ್ಳುವವರು ತಮ್ಮದೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಸೇಲ್ಸ್‌ನವರು ಎಕ್ಸೆಲ್ ಬಿಟ್ಟಿಲ್ಲ. ತಿಂಗಳ ಲೆಕ್ಕ ಕೈಗೆ ಬರುವಷ್ಟರಲ್ಲಿ ಮುಂದಿನ ತಿಂಗಳ 12ನೇ ತಾರೀಕು ದಾಟಿರುತ್ತದೆ. ದೊಡ್ಡ ಇಆರ್‌ಪಿ ತರೋಣ, ಎಲ್ಲ ವಿಭಾಗದ ಕೆಲಸವೂ ಒಂದೇ ಸಾಫ್ಟ್‌ವೇರಿನಲ್ಲಿ ನಡೆಯುತ್ತದೆ ಅಂತ ನನ್ನ ತಮ್ಮ ಹೇಳುತ್ತಾನೆ. ಹಳೆಯ ಪದ್ಧತಿಯೇ ವಾಸಿ ಅಂತ ನಮ್ಮ ಅಕೌಂಟೆಂಟ್ ಹೇಳುತ್ತಾರೆ. ನಮ್ಮಂಥವರಿಗೆ ಈ ಮಾಹಿತಿ ವ್ಯವಸ್ಥೆಯಿಂದ ನಿಜಕ್ಕೂ ಏನು ಉಪಯೋಗ? ಹಾಕಿದ್ದೆಲ್ಲ ದಂಡವೇ? ಸ್ಟೋರಿನವರನ್ನು ಬದಲಾಯಿಸಿದರೆ ಸರಿಹೋಗುತ್ತದೆಯೇ?"

ಉತ್ತರ:

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಸ್ಟೋರಿನ ಆ ಪುಸ್ತಕದ ಮೇಲೆ. ನೀವು ಕೇಳಿದ ಉಳಿದ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದ ಜಾಗವೂ ಅದೇ ಅಂತ ನನಗೆ ಅನ್ನಿಸುತ್ತದೆ.

ಮೊದಲು ನಿಮ್ಮ ಚಿಂತೆ ನನಗೆ ಹೇಗೆ ಅರ್ಥವಾಯಿತು ಅಂತ ಹೇಳುತ್ತೇನೆ. ದುಡ್ಡು ಹಾಕಿದ್ದಾಯಿತು, ಎರಡು ವರ್ಷ ಕಾದದ್ದೂ ಆಯಿತು. ಆದರೂ 'ಈಗ ನಮ್ಮಲ್ಲಿ ಎಷ್ಟಿದೆ?' ಎಂಬ ಸರಳ ಪ್ರಶ್ನೆಗೆ ನಂಬುವಂಥ ಉತ್ತರ ಸಿಗುತ್ತಿಲ್ಲ. ಮೂರು ಜನರನ್ನು ಕೇಳಿದರೆ ಮೂರು ಸಂಖ್ಯೆ. ಇನ್ನೂ ಜಾಸ್ತಿ ಹಾಕಬೇಕೋ, ಕೈಬಿಡಬೇಕೋ ತಿಳಿಯುತ್ತಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಉದ್ಯಮಗಳಲ್ಲಿ ಇಂಥ ವ್ಯವಸ್ಥೆ ಕೂರಿಸುವ, ಕೆಟ್ಟದ್ದನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ಇದೇ ಜಾಗದಲ್ಲಿ ನಿಂತವರನ್ನು ತುಂಬಾ ನೋಡಿದ್ದೇನೆ. ನೀವು ಪೆದ್ದುತನ ಮಾಡಿಲ್ಲ. ಒಂದು ಮುಖ್ಯ ಕೆಲಸ ಬಾಕಿ ಉಳಿದಿದೆ, ಅಷ್ಟೇ.

ಸಾಫ್ಟ್‌ವೇರ್ ಬೇರೆ, ಮಾಹಿತಿ ವ್ಯವಸ್ಥೆ ಬೇರೆ. ಯಾವ ಸಂಗತಿಯನ್ನು ಯಾರು, ಯಾವಾಗ, ಎಲ್ಲಿ ಬರೆಯಬೇಕು. ಬರೆದದ್ದನ್ನು ಯಾರು ನೋಡಬೇಕು. ನೋಡಿ ಏನು ಮಾಡಬೇಕು. ಇಷ್ಟೂ ಸೇರಿದರೆ ಮಾಹಿತಿ ವ್ಯವಸ್ಥೆ. ಅದರೊಳಗೆ ಜನ ಇದ್ದಾರೆ, ಕಟ್ಟುಪಾಡು ಇದೆ, ಯಂತ್ರವೂ ಇದೆ. ಆ ಲೆಕ್ಕದಲ್ಲಿ ಸ್ಟೋರಿನ ಪುಸ್ತಕವೂ ಒಂದು ಮಾಹಿತಿ ವ್ಯವಸ್ಥೆ. ಸೇಲ್ಸ್‌ನವರ ಎಕ್ಸೆಲ್ ಇನ್ನೊಂದು. ನಿಮ್ಮಲ್ಲಿ ಮೂರು ವ್ಯವಸ್ಥೆಗಳಿವೆ, ಮೂರೂ ಒಂದಕ್ಕೊಂದು ಮಾತು ಬಿಟ್ಟಿವೆ.

ಇದರಿಂದ ಏನು ಉಪಯೋಗ ಅಂತ ಕೇಳಿದ್ದೀರಿ. ನೆನಪಿಟ್ಟುಕೊಳ್ಳುವುದು ಮೊದಲ ಕೆಲಸ. ಯಾರಿಗೆ ಏನು ಮಾರಿದೆವು, ಯಾರಿಂದ ಎಷ್ಟು ಬರಬೇಕು ಇತ್ಯಾದಿ. ಇದನ್ನು ಲೆಡ್ಜರ್ ಪುಸ್ತಕ ನೂರಾರು ವರ್ಷದಿಂದ ಮಾಡಿಕೊಂಡು ಬಂದಿದೆ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಲೆಕ್ಕಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ ಅಚ್ಚಿನಲ್ಲಿ ವಿವರಿಸಿದ್ದು 1494ರಲ್ಲಿ. ನಿಮ್ಮ ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ಇವತ್ತಿಗೂ ಅದೇ ಡೆಬಿಟ್, ಕ್ರೆಡಿಟ್ ಇದೆ. ನೆನಪಿಗಷ್ಟೇ ಬೇಕಿದ್ದರೆ ನಿಮ್ಮ ಅಕೌಂಟೆಂಟ್ ಹೇಳುವುದು ತಪ್ಪಲ್ಲ.

ಎರಡನೆಯ ಕೆಲಸ ನಿಮಗೆ ಹೆಚ್ಚು ಮುಖ್ಯ. ಒಬ್ಬರಿಗೆ ಗೊತ್ತಾದದ್ದು, ಅದು ಬೇಕಾದ ಇನ್ನೊಬ್ಬರಿಗೆ ಸಮಯಕ್ಕೆ ಮುಟ್ಟಬೇಕು. ಎಂಟು ಹತ್ತು ಜನ ಇದ್ದಾಗ ಕೂಗಿ ಹೇಳಿದರೆ ಮುಗಿಯಿತು. 40 ಜನ ಆದಾಗ ಮುಗಿಯುವುದಿಲ್ಲ. ಗುರುವಾರ 120 ಪೀಸ್ ಕೊಡುತ್ತೇವೆ ಅಂತ ಸೇಲ್ಸ್‌ನವರು ಮಾತು ಕೊಟ್ಟಿರುತ್ತಾರೆ. ಅದರಲ್ಲಿ 50 ಬೇರೆ ಗ್ರಾಹಕರಿಗೆ ತೆಗೆದಿಟ್ಟದ್ದು ಅಂತ ಸ್ಟೋರಿಗೆ ಮಾತ್ರ ಗೊತ್ತಿರುತ್ತದೆ. ಇದು ಎಲ್ಲ ಉದ್ಯಮಗಳ ಹಳೆಯ ಕಾಯಿಲೆ. ವಿಮಾನ ಕಂಪನಿಗಳಿಗೂ ಇತ್ತು. ಒಂದು ಊರಿನಲ್ಲಿ ಮಾರಿದ ಸೀಟು ಇನ್ನೊಂದು ಊರಿನ ಕೌಂಟರಿನಲ್ಲಿ ಖಾಲಿ ಅಂತಲೇ ಕಾಣುತ್ತಿತ್ತು. ಅಮೆರಿಕನ್ ಏರ್‌ಲೈನ್ಸ್ ಐಬಿಎಂ ಜೊತೆ ಸೇರಿ ಸೇಬರ್ ಎಂಬ ವ್ಯವಸ್ಥೆ ಕಟ್ಟಿದ್ದು ಅದಕ್ಕಾಗಿಯೇ. 1964ರ ಹೊತ್ತಿಗೆ ಕಂಪನಿಯ ಸೀಟು ಕಾಯ್ದಿರಿಸುವ ಕೆಲಸವೆಲ್ಲ ಅದರ ಮೇಲೆ ನಡೆಯುತ್ತಿತ್ತು. ಇರುವ ಸೀಟು ಎಷ್ಟು, ಅದನ್ನು ಈಗಾಗಲೇ ಯಾರಿಗೆ ಕೊಟ್ಟಿದ್ದೇವೆ ಅನ್ನುವುದು ಎಲ್ಲರಿಗೂ ಒಂದೇ ಆಗಿ ಕಾಣುವುದು. ನಿಮಗೂ ಬೇಕಾದದ್ದು ಇಷ್ಟೇ, ಅಲ್ವಾ?

ತೀರ್ಮಾನಕ್ಕೆ ಸಹಾಯ ಮಾಡುವುದು ಮೂರನೆಯದು. ಯಾವ ಐಟಂ ಲಾಭ ತರುತ್ತದೆ, ಯಾವ ಗ್ರಾಹಕರು ತಡವಾಗಿ ಕೊಡುತ್ತಾರೆ, ಇಂಥವು. ಎಲ್ಲರೂ ಡೆಮೊದಲ್ಲಿ ಇದನ್ನೇ ಮೊದಲು ತೋರಿಸುತ್ತಾರೆ, ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಇಟ್ಟು. ಮೊದಲ ಎರಡು ಸರಿಯಿಲ್ಲದೆ ಇದು ನಡೆಯುವುದಿಲ್ಲ. 140 ಅನ್ನುವುದೇ ತಪ್ಪಾದರೆ ಅದರ ಮೇಲೆ ಎಳೆದ ಗ್ರಾಫೂ ತಪ್ಪು.

ಇನ್ನು ದಂಡವಾಯಿತೇ ಎಂಬ ಪ್ರಶ್ನೆ. ಇದನ್ನು ದೊಡ್ಡ ದೊಡ್ಡವರೇ ಕೇಳಿದ್ದಾರೆ. ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶದಲ್ಲಿ ಮಾತ್ರ ಕಾಣುವುದಿಲ್ಲ ಅಂತ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ ಬರೆದಿದ್ದರು. ಮೂರು ವರ್ಷದ ನಂತರ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ ಇದಕ್ಕೆ ಹೋಲುವ ಒಂದು ಹಳೆಯ ಕಥೆಯನ್ನು ಎದುರಿಗಿಟ್ಟರು. ನನಗೆ ಅದು ತುಂಬಾ ಇಷ್ಟ. ಹಬೆಯ ಕಾಲದ ಕಾರ್ಖಾನೆಯಲ್ಲಿ ಒಂದು ದೊಡ್ಡ ಎಂಜಿನ್ ಇರುತ್ತಿತ್ತು. ಸೂರಿನಡಿ ಉದ್ದಕ್ಕೂ ಒಂದು ಶಾಫ್ಟ್ ತಿರುಗುತ್ತಿತ್ತು. ಅದರಿಂದ ಬೆಲ್ಟ್ ಎಳೆದು ಒಂದೊಂದು ಯಂತ್ರ ಓಡಿಸುತ್ತಿದ್ದರು. ವಿದ್ಯುತ್ ಬಂದಾಗ ಬಹಳ ಮಂದಿ ಹಬೆ ಎಂಜಿನ್ ತೆಗೆದು ಅದೇ ಜಾಗದಲ್ಲಿ ದೊಡ್ಡ ಮೋಟಾರ್ ಕೂರಿಸಿದರು. ಶಾಫ್ಟ್ ಅದೇ, ಬೆಲ್ಟ್ ಅದೇ. ಲಾಭವೂ ಅಷ್ಟಕ್ಕಷ್ಟೇ. ಪ್ರತಿ ಯಂತ್ರಕ್ಕೂ ಅದರದ್ದೇ ಪುಟ್ಟ ಮೋಟಾರ್ ಬಂದು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಯಂತ್ರಗಳನ್ನು ಜೋಡಿಸಿದ ಮೇಲೆಯೇ ದೊಡ್ಡ ಫಲ ಸಿಕ್ಕಿದ್ದು. ಆ ಹೊತ್ತಿಗೆ 1920ರ ದಶಕ ಬಂದಿತ್ತು. ಮೊದಲ ವಿದ್ಯುತ್ ಕೇಂದ್ರಗಳು ಶುರುವಾಗಿ ಸುಮಾರು 40 ವರ್ಷ.

ನೀವು ಮೋಟಾರ್ ತಂದಿದ್ದೀರಿ. ಶಾಫ್ಟ್ ಮತ್ತು ಬೆಲ್ಟ್ ಇನ್ನೂ ಹಳೆಯವೇ ಇವೆ. ಹಾಕಿದ ದುಡ್ಡು ಹೋಗಿಲ್ಲ, ಆದರೆ ದುಡಿಯಲು ಶುರು ಮಾಡಿಲ್ಲ.

ಈಗ ಆ 50ಕ್ಕೆ ಬರೋಣ. ವ್ಯತ್ಯಾಸ ಕಂಡ ಕೂಡಲೇ ಕಳ್ಳತನದ ಅನುಮಾನ ಬರುತ್ತದೆ. ಅದು ಇಲ್ಲವೇ ಇಲ್ಲ ಅನ್ನಲಾರೆ. ಆದರೆ ನಾನು ಕೂತು ಲೆಕ್ಕ ಬಿಡಿಸಿದ ಕಡೆಗಳಲ್ಲಿ ಬಹುಪಾಲು ವ್ಯತ್ಯಾಸಕ್ಕೆ ಸಾದಾ ಕಾರಣಗಳೇ ಸಿಕ್ಕಿವೆ.

ತಡವಾದ ಎಂಟ್ರಿ ಎಲ್ಲ ಕಡೆ ಇರುವ ಕಾರಣ. ಮಾಲು ಬೆಳಿಗ್ಗೆ ಹೊರಗೆ ಹೋಗುತ್ತದೆ, ಚೀಟಿ ಸಂಜೆ ಆಫೀಸಿಗೆ ಬರುತ್ತದೆ, ಎಂಟ್ರಿ ಮರುದಿನ ಆಗುತ್ತದೆ. ಕಂಪ್ಯೂಟರ್ ಹೇಳುತ್ತಿರುವುದು ನಿನ್ನೆಯ ನಿಜ.

ಎರಡು ಕೋಡಿನ ಸಮಸ್ಯೆ ಇನ್ನೂ ಮೋಸದ್ದು. ಒಂದೇ ಬೋಲ್ಟ್ ಒಮ್ಮೆ 'ಬೋಲ್ಟ್ 10 ಎಂಎಂ' ಅಂತ, ಇನ್ನೊಮ್ಮೆ '10 ಎಂಎಂ ಬೋಲ್ಟ್' ಅಂತ ಎರಡು ಹೆಸರಿನಲ್ಲಿ ಸೇರಿರುತ್ತದೆ. ಖರೀದಿ ಒಂದರಲ್ಲಿ ಬೀಳುತ್ತದೆ, ಖರ್ಚು ಇನ್ನೊಂದರಲ್ಲಿ. ಮೊದಲನೆಯದು 140 ತೋರಿಸುತ್ತದೆ, ಎರಡನೆಯದು ಮೈನಸ್ 50. ಕೂಡಿಸಿ ನೋಡಿ, ಸರಿಯಾಗಿ 90! ಇವತ್ತೇ ಸ್ಟಾಕ್ ರಿಪೋರ್ಟಿನಲ್ಲಿ ಮೈನಸ್ ಇರುವ ಐಟಂಗಳನ್ನಷ್ಟೇ ತೆಗೆದು ನೋಡಿ. ಇಲ್ಲದ ಮಾಲನ್ನು ಯಾರೂ ಕೊಡಲಾರರು. ಹಾಗಾಗಿ ಒಂದೊಂದು ಮೈನಸ್ ಕೂಡ ಎಲ್ಲೋ ತಪ್ಪು ಬರೆದಿದ್ದೇವೆ ಅಂತ ಕೈ ಮಾಡಿ ತೋರಿಸುತ್ತದೆ.

ಅಳತೆ ಇನ್ನೊಂದು. ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಸ್ಟೋರಿನಿಂದ ಕೊಡುವುದು ಎಣಿಕೆಯಲ್ಲಿ. ನಡುವೆ ಒಂದು ಕಿಲೋಗೆ ಇಷ್ಟು ಪೀಸ್ ಅಂತ ಯಾರೋ ಒಮ್ಮೆ ಹಾಕಿದ ಅಂದಾಜು. ಒಂದು ಪೀಸಿಗೆ ಇಷ್ಟು ಕಚ್ಚಾ ಮಾಲು ಅಂತ ಸಾಫ್ಟ್‌ವೇರ್ ತಾನಾಗಿ ಕಳೆಯುವ ಪಟ್ಟಿಯೂ ಹಾಗೆಯೇ. ಕತ್ತರಿಸುವಾಗ ಪೋಲಾಗುವುದನ್ನು ಅದರಲ್ಲಿ ಸೇರಿಸದಿದ್ದರೆ ದಿನದಿನವೂ ವ್ಯತ್ಯಾಸ ಬೆಳೆಯುತ್ತದೆ. ರಿಜೆಕ್ಟ್ ಆದದ್ದು, ಗ್ರಾಹಕರಿಂದ ವಾಪಸ್ ಬಂದದ್ದು, ಸ್ಯಾಂಪಲ್ ಅಂತ ಕೊಟ್ಟದ್ದು ಇವೆಲ್ಲ ಎಲ್ಲಿ ಬರೆಯಬೇಕು ಅಂತಲೇ ಯಾರೂ ಹೇಳಿರುವುದಿಲ್ಲ.

ಐಟಂಗಳ ಮೂಲ ಪಟ್ಟಿಯನ್ನು ನಮ್ಮ ಕೆಲಸದಲ್ಲಿ ಮಾಸ್ಟರ್ ಡೇಟಾ ಅನ್ನುತ್ತೇವೆ. ಹೆಸರು, ಕೋಡ್, ಅಳತೆ ಇರುವ ಪಟ್ಟಿ. ಇದನ್ನು ಗುಮಾಸ್ತಿಕೆ ಅಂತ ಹಗುರವಾಗಿ ನೋಡುತ್ತಾರೆ. ಅಮೆರಿಕದ ಟಾರ್ಗೆಟ್ ಕಂಪನಿ 2013ರಲ್ಲಿ ಕೆನಡಾದಲ್ಲಿ ಮಳಿಗೆ ತೆರೆಯಿತು. ಹೊಸ ವ್ಯವಸ್ಥೆಗೆ ಸಾವಿರಾರು ಐಟಂಗಳ ವಿವರವನ್ನು ಅವಸರದಲ್ಲಿ ತುಂಬಿದರು. ಇಂಚು ಇರಬೇಕಾದಲ್ಲಿ ಸೆಂಟಿಮೀಟರ್, ಉದ್ದ ಇರಬೇಕಾದಲ್ಲಿ ಅಗಲ. ಗೋದಾಮಿನಲ್ಲಿ ಮಾಲು ತುಂಬಿ ಚೆಲ್ಲುತ್ತಿದ್ದರೂ ಮಳಿಗೆಯ ಕಪಾಟು ಖಾಲಿ ಇರುತ್ತಿತ್ತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ 2015ರಲ್ಲಿ 133 ಮಳಿಗೆಗಳನ್ನೂ ಮುಚ್ಚಿ ಹೊರಟಾಗ ಈ ಕೆಟ್ಟ ಡೇಟಾದ ಪಾಲು ಸಣ್ಣದಾಗಿರಲಿಲ್ಲ.

ಸರಿಮಾಡಿಕೊಂಡವರ ಕಥೆಯೂ ಇದೆ. 1980ರ ದಶಕದ ಆರಂಭದಲ್ಲಿ ಫೋರ್ಡ್ ಕಂಪನಿಯ ಉತ್ತರ ಅಮೆರಿಕ ವಿಭಾಗದಲ್ಲಿ ಸರಬರಾಜುದಾರರಿಗೆ ಹಣ ಪಾವತಿ ಮಾಡುವ ಕೆಲಸಕ್ಕೇ 500ಕ್ಕೂ ಹೆಚ್ಚು ಜನ ಇದ್ದರು. ಕಂಪ್ಯೂಟರ್ ತಂದು 20 ಪ್ರತಿಶತ ಕಡಿಮೆ ಮಾಡೋಣ ಅಂದುಕೊಂಡರು. ಆಮೇಲೆ ಜಪಾನಿನ ಕಾರು ಕಂಪನಿ ಮಾಜ್ದಾ ಕಡೆ ನೋಡಿದರೆ ಅಲ್ಲಿ ಅದೇ ಕೆಲಸಕ್ಕೆ 5 ಜನ. ಮಾಜ್ದಾ ಚಿಕ್ಕ ಕಂಪನಿ ನಿಜ, ಆದರೆ ಅಷ್ಟೊಂದು ಚಿಕ್ಕದಲ್ಲ. ಫೋರ್ಡಿನವರು ತಮ್ಮ ಕೆಲಸವನ್ನು ಬಿಡಿಸಿ ನೋಡಿದರು. ಪರ್ಚೇಸ್ ಆರ್ಡರ್, ಮಾಲು ಬಂದ ಚೀಟಿ, ಸರಬರಾಜುದಾರರ ಬಿಲ್ಲು, ಈ ಮೂರನ್ನು ತಾಳೆ ನೋಡುವುದರಲ್ಲೇ ದಿನ ಹೋಗುತ್ತಿತ್ತು. ಒಟ್ಟು 14 ಅಂಶ ಹೊಂದಬೇಕಿತ್ತು. ಹೊಂದದಿದ್ದರೆ ಹುಡುಕಾಟ. ಅವರು ಬಿಲ್ಲನ್ನೇ ತೆಗೆದುಬಿಟ್ಟರು! ಮಾಲು ಇಳಿಯುವ ಜಾಗದಲ್ಲಿ ನಿಂತವರೇ ಕಂಪ್ಯೂಟರಿನಲ್ಲಿ ಆರ್ಡರ್ ನೋಡುವುದು, ಹೊಂದಿದರೆ ಅಲ್ಲೇ ಒಪ್ಪಿಕೊಳ್ಳುವುದು, ಹೊಂದದಿದ್ದರೆ ವಾಪಸ್ ಕಳಿಸುವುದು. ಒಪ್ಪಿಕೊಂಡದ್ದಕ್ಕೆ ಹಣ ತಾನಾಗಿ ಹೋಗುತ್ತದೆ. ತಾಳೆ ನೋಡಬೇಕಾದ ಅಂಶ ಮೂರೇ ಉಳಿದವು: ಭಾಗದ ಸಂಖ್ಯೆ, ಅಳತೆ, ಸರಬರಾಜುದಾರರ ಕೋಡ್. ಹೊಸ ಕ್ರಮ ಬಂದ ಕಡೆ ಜನ 75 ಪ್ರತಿಶತ ಕಡಿಮೆ ಸಾಕಾಯಿತು.

ಆ ಮೂರು ಅಂಶಗಳನ್ನು ಮತ್ತೊಮ್ಮೆ ಓದಿ. ಮೇಲೆ ನಿಮ್ಮ 50ಕ್ಕೆ ಹೇಳಿದ ಕಾರಣಗಳಲ್ಲಿ ಕೋಡ್ ಮತ್ತು ಅಳತೆ ಎರಡೂ ಇವೆ. ಇನ್ನೊಂದು ಸಂಗತಿ, ಫೋರ್ಡಿನವರು ಎಂಟ್ರಿಯನ್ನು ಆಫೀಸಿನಿಂದ ಮಾಲು ಇಳಿಯುವ ಜಾಗಕ್ಕೆ ಒಯ್ದರು. ಯಾರ ಕಣ್ಣೆದುರು ಸಂಗತಿ ನಡೆಯುತ್ತದೋ ಅವರೇ, ಅಲ್ಲೇ, ಆಗಲೇ, ಒಂದೇ ಸಲ ಬರೆಯಬೇಕು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಒಂದೇ ಸಲಹೆ ಕೊಡಬೇಕು ಅಂದರೆ ಇದನ್ನೇ ಕೊಡುತ್ತೇನೆ.

ಹಾಗಾದರೆ ಸ್ಟೋರಿನವರು ಯಾಕೆ ಬರೆಯುತ್ತಿಲ್ಲ? ಬರೆಯುತ್ತಿದ್ದಾರೆ, ತಮ್ಮ ಪುಸ್ತಕದಲ್ಲಿ. ಎರಡು ವರ್ಷದಿಂದ ಬಿಡದೆ ಬರೆಯುತ್ತಿದ್ದಾರೆ ಅಂದರೆ ಅವರು ಸೋಮಾರಿ ಆಗಿರಲು ಸಾಧ್ಯವಿಲ್ಲ. ಆ ಪುಸ್ತಕದಲ್ಲಿ ನಿಮ್ಮ ಸಾಫ್ಟ್‌ವೇರಿನಲ್ಲಿ ಇಲ್ಲದ ಏನೋ ಇದೆ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲಸ ಶುರು ಮಾಡಿದ ವರ್ಷಗಳಲ್ಲಿ ಒಂದು ಕಾರ್ಖಾನೆಯಲ್ಲಿ ಇದೇ ಥರದ ಪುಸ್ತಕ ನಿಲ್ಲಿಸಿ ಅಂತ ನಾನೇ ಹೇಳಿದ್ದೆ. ಎಲ್ಲರೂ ಕಂಪ್ಯೂಟರಿನಲ್ಲೇ ಬರೆಯಲಿ ಅನ್ನುವುದು ನನ್ನ ಆಸೆ. ಮೂರೇ ವಾರಕ್ಕೆ, ಪರೀಕ್ಷೆ ಆಗದ ಒಂದು ಲಾಟ್ ಗ್ರಾಹಕರಿಗೆ ಹೋಗಿಬಿಟ್ಟಿತು. ಪುಸ್ತಕ ತೆರೆದು ನೋಡಿದಾಗ ಅದರಲ್ಲಿ 'ಹೋಲ್ಡ್' ಅಂತ ಒಂದು ಕಾಲಂ ಇತ್ತು. ಬಂದಿದೆ, ಆದರೆ ಪರೀಕ್ಷೆ ಮುಗಿದಿಲ್ಲ, ಮುಟ್ಟಬೇಡಿ ಅಂತ. ಸಾಫ್ಟ್‌ವೇರಿನಲ್ಲಿ ನಾವು ಒಂದೇ ಸಂಖ್ಯೆಗೆ ಜಾಗ ಕೊಟ್ಟಿದ್ದೆವು, ಒಟ್ಟು ಎಷ್ಟಿದೆ ಅಂತ. ಕೈಯಲ್ಲಿ ಇರುವುದು ಬೇರೆ, ಕೊಡಬಹುದಾದದ್ದು ಬೇರೆ ಅನ್ನುವುದು ಆ ಸ್ಟೋರಿನವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಿಮ್ಮ 140ರಲ್ಲಿ 50 ಹೀಗೆ ಬೇರೆ ಕಡೆ ಇಟ್ಟದ್ದಾಗಿದ್ದರೆ? ಸ್ಟೋರಿನವರ 90 ಕೂಡ ನಿಜ, ಕಂಪ್ಯೂಟರಿನ 140 ಕೂಡ ನಿಜ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಕಂಪ್ಯೂಟರ್ ಹೇಳಿದ್ದೇ ಸರಿ, ಕಡಿಮೆ ಬಿದ್ದರೆ ಮನುಷ್ಯರ ತಪ್ಪು ಎಂಬ ನಂಬಿಕೆ ಎಲ್ಲಿಗೆ ಒಯ್ಯುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಸರ್ಕಾರಿ ಪೋಸ್ಟ್ ಆಫೀಸ್ ಕಂಪನಿಯ ಪ್ರಕರಣ ನೋಡಿ. ಅಲ್ಲಿ 1999ರಿಂದ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ಬಂತು. ಶಾಖೆ ನಡೆಸುವವರ ಲೆಕ್ಕದಲ್ಲಿ ಹಣ ಕಡಿಮೆ ಇದೆ ಅಂತ ಅದು ತೋರಿಸತೊಡಗಿತು. ತಪ್ಪು ಸಾಫ್ಟ್‌ವೇರಿನದು ಅಂತ ಅವರು ಗೋಗರೆದರೂ ಕೇಳಲಿಲ್ಲ. 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಕೆಲವರು ಜೈಲಿಗೆ ಹೋದರು, ಮನೆ ಮಠ ಕಳೆದುಕೊಂಡರು. ವ್ಯವಸ್ಥೆಯಲ್ಲೇ ದೋಷಗಳಿದ್ದವು ಅಂತ ಲಂಡನ್ನಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ. 2024ರಲ್ಲಿ ನೂರಾರು ಜನರ ಶಿಕ್ಷೆಯನ್ನು ಕಾನೂನು ತಂದೇ ರದ್ದು ಮಾಡಬೇಕಾಯಿತು. ಇಂಥ ವ್ಯವಸ್ಥೆ ಕಟ್ಟುವ ಕೆಲಸದವನಾಗಿ ನನಗೆ ಇದನ್ನು ಓದುವಾಗ ಈಗಲೂ ಎದೆ ಭಾರವಾಗುತ್ತದೆ. ನಿಮ್ಮದು 50 ಬಿಡಿಭಾಗದ ಮಾತು, ಅಷ್ಟು ದೊಡ್ಡದಲ್ಲ. ಆದರೂ ಒಬ್ಬರ ಕೆಲಸ ಮತ್ತು ಮರ್ಯಾದೆ ಅದಕ್ಕೆ ಅಂಟಿಕೊಂಡಿದೆ. ಕಾರಣ ಗೊತ್ತಾಗುವ ತನಕ ಯಾರ ಮೇಲೂ ಹೊರಿಸಬೇಡಿ.

ಎಕ್ಸೆಲ್ ಬಗ್ಗೆ ಎರಡು ಮಾತು. ಅದು ಶತ್ರುವಲ್ಲ. 'ಈ ಗ್ರಾಹಕರಿಗೆ ಬೆಲೆ ಇಷ್ಟು ಇಳಿಸಿದರೆ ಏನಾಗುತ್ತದೆ?' ಅಂತ ಲೆಕ್ಕ ಹಾಕಿ ನೋಡಲು ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅದು ದಾಖಲೆ ಇಡುವ ಜಾಗ ಅಲ್ಲ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಕೋವಿಡ್ ವರದಿಗಳನ್ನು ಹಳೆಯ ಮಾದರಿಯ ಎಕ್ಸೆಲ್ ಫೈಲಿಗೆ ಹಾಕುತ್ತಿತ್ತು. ಆ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. ಉಳಿದದ್ದು ಸದ್ದಿಲ್ಲದೆ ಬಿದ್ದುಹೋಯಿತು. 15,841 ಜನರ ವರದಿ ಸಮಯಕ್ಕೆ ಎಣಿಕೆಗೇ ಬರಲಿಲ್ಲ. ನಿಮ್ಮ ಸೇಲ್ಸ್‌ನವರಿಗೆ ಎಕ್ಸೆಲ್ ಬಿಡಿ ಅಂತ ಹೇಳುವ ಮೊದಲು ಅದರಲ್ಲಿ ಏನು ಬರೆಯುತ್ತಾರೆ ಅಂತ ನೋಡಿ. ಬಹುಶಃ ಯಾರಿಗೆ ಯಾವತ್ತು ಕೊಡುತ್ತೇವೆ ಅಂತ ಮಾತು ಕೊಟ್ಟ ದಿನಾಂಕ ಇರುತ್ತದೆ. ಅದಕ್ಕೆ ಸಾಫ್ಟ್‌ವೇರಿನ ಆರ್ಡರಿನಲ್ಲೇ ಜಾಗ ಮಾಡಿಕೊಟ್ಟರೆ ಎಕ್ಸೆಲ್ ತಾನಾಗಿ ಕಡಿಮೆಯಾಗುತ್ತದೆ.

ಮುಂದಿನ ದಾರಿಗಳು.

ನಿಮ್ಮ ತಮ್ಮ ಹೇಳುವ ಇಆರ್‌ಪಿಯನ್ನು ಮೊದಲು ತೆಗೆದುಕೊಳ್ಳೋಣ. ಒಳ್ಳೆಯ ಉದ್ದೇಶದಿಂದಲೇ ಹೇಳುತ್ತಿದ್ದಾರೆ. ಎಲ್ಲ ವಿಭಾಗಕ್ಕೂ ಒಂದೇ ದಾಖಲೆ ಇರಬೇಕು ಅನ್ನುವುದು ಇಆರ್‌ಪಿಯ ಮೂಲ ಯೋಚನೆ, ಅದು ಸರಿಯಾದದ್ದೇ. ತೊಂದರೆ ಏನೆಂದರೆ, ನಿಮ್ಮ ಎರಡು ಕೋಡಿನ ಬೋಲ್ಟ್ ಅಲ್ಲಿಗೂ ಎರಡು ಕೋಡಿನಲ್ಲೇ ಹೋಗುತ್ತದೆ. ರೋಗ ಅದೇ, ಆಸ್ಪತ್ರೆ ಮಾತ್ರ ದೊಡ್ಡದು. ಇನ್ನೊಂದು, ಸಿದ್ಧ ಇಆರ್‌ಪಿಗೆ ಅದರದ್ದೇ ಒಂದು ಕೆಲಸದ ಕ್ರಮ ಇರುತ್ತದೆ. ನಿಮ್ಮ ಕ್ರಮ ಬೇರೆ ಆಗಿದ್ದರೆ ಒಂದೋ ನೀವು ಬದಲಾಗಬೇಕು, ಇಲ್ಲ ಅದನ್ನು ಕೊಯ್ದು ಹೊಲಿಯಬೇಕು. ಜರ್ಮನಿಯ ಲಿಡ್ಲ್ ಮಳಿಗೆಯವರು ದಾಸ್ತಾನಿನ ಮೌಲ್ಯವನ್ನು ಕೊಂಡ ಬೆಲೆಯಲ್ಲಿ ಕಟ್ಟುತ್ತಿದ್ದರು. ಅವರು ತಂದ ಎಸ್‌ಎಪಿ ಕಂಪನಿಯ ಇಆರ್‌ಪಿ ಮಾರುವ ಬೆಲೆಯಲ್ಲಿ ಕಟ್ಟುವಂಥದ್ದು. ತಮ್ಮ ರೂಢಿ ಬಿಡಲು ಒಪ್ಪದೆ ವ್ಯವಸ್ಥೆಯನ್ನೇ ತಿದ್ದುತ್ತಾ ಹೋದರು. ಏಳು ವರ್ಷ, ಸುಮಾರು 50 ಕೋಟಿ ಯೂರೊ ಖರ್ಚಾದ ಮೇಲೆ 2018ರಲ್ಲಿ ಕೈಬಿಟ್ಟರು.

ಸಮಯದ ಅಪಾಯವೂ ಇದೆ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್, ಹೊಸ ವ್ಯವಸ್ಥೆ ಕೂರಿಸಲು 48 ತಿಂಗಳು ಹಿಡಿಯುತ್ತದೆ ಅಂದಿದ್ದ ಕೆಲಸವನ್ನು 30 ತಿಂಗಳಿಗೆ ಇಳಿಸಿತು. 1999ರಲ್ಲಿ, ವರ್ಷದ ದೊಡ್ಡ ಮಾರಾಟ ಶುರುವಾಗುವ ಹೊತ್ತಿಗೇ ಮೂರು ಹೊಸ ವ್ಯವಸ್ಥೆಗಳನ್ನು ಒಟ್ಟಿಗೆ ಚಾಲೂ ಮಾಡಿತು. ಗೋದಾಮಿನಲ್ಲಿ ಮಾಲು ಇದ್ದೂ 10 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರ್ ಕಳಿಸಲಾಗಲಿಲ್ಲ. ಆ ಮೂರು ತಿಂಗಳ ಲಾಭ 19 ಪ್ರತಿಶತ ಬಿತ್ತು. ಅಷ್ಟು ದೊಡ್ಡ ಕಂಪನಿ ತಡೆದುಕೊಂಡಿತು. 40 ಜನರ ಉದ್ಯಮಕ್ಕೆ ಎರಡು ತಿಂಗಳು ಮಾಲು ಕಳಿಸದೆ ಇರಲು ಆಗುತ್ತದೆಯೇ?

ಹಳೆಯ ಪದ್ಧತಿಗೆ ಹೋಗೋಣ ಅನ್ನುವ ಅಕೌಂಟೆಂಟರ ಮಾತನ್ನು ತಳ್ಳಿಹಾಕಬೇಡಿ. ಕಾಗದ ಕೀಳಲ್ಲ. ಟೊಯೋಟದವರು ಕಾರ್ಖಾನೆಯೊಳಗೆ ಯಾವ ಭಾಗ ಯಾವಾಗ ಎಷ್ಟು ಬೇಕು ಅನ್ನುವುದನ್ನು ಕಾನ್‌ಬಾನ್ ಎಂಬ ಚೀಟಿಗಳಿಂದಲೇ ದಶಕಗಳ ಕಾಲ ನಡೆಸಿ ಜಗತ್ತಿಗೇ ಪಾಠ ಹೇಳಿದರು. ಚೀಟಿ ಮಾಲಿನ ಜೊತೆಗೇ ಇರುತ್ತಿತ್ತು, ಅದು ಗುಟ್ಟು. ನಿಮ್ಮ ಸ್ಟೋರಿನ ಒಳಗೂ ರ‍್ಯಾಕಿಗೆ ಒಂದು ಕಾರ್ಡ್ ನೇತುಹಾಕುವುದು ಒಳ್ಳೆಯದೇ. ಆದರೆ ಪೂರ್ತಿ ಹಿಂದೆ ಹೋದರೆ ಸೇಲ್ಸ್‌ನವರು ಸ್ಟೋರಿಗೆ ಫೋನ್ ಮಾಡಿಯೇ ಉತ್ತರ ಕೊಡಬೇಕು. ಎಲ್ಲವೂ ಒಬ್ಬಿಬ್ಬರ ತಲೆಯಲ್ಲಿ ಉಳಿಯುತ್ತದೆ. ಅವರು ಒಂದು ವಾರ ರಜೆ ಹಾಕಿದರೆ ಉದ್ಯಮ ಕುಂಟುತ್ತದೆ.

ನಮಗೆ ಬೇಕಾದ ಹಾಗೆ ನಾವೇ ಬರೆಸೋಣ ಅಂತ ಯಾರಾದರೂ ಹೇಳಿದರೆ, ಬರೆದುಕೊಟ್ಟವರು ಹೋದ ಮೇಲೆ ತಿದ್ದುವವರು ಯಾರು ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಆ ಯೋಚನೆ ಬಿಡಿ.

ನನ್ನ ಸಲಹೆ, ಇರುವ ಸಾಫ್ಟ್‌ವೇರನ್ನೇ ಆರು ತಿಂಗಳು ರಿಪೇರಿ ಮಾಡಿ. ಹಿತ್ತಲ ಗಿಡ ಮದ್ದಲ್ಲ ಅನ್ನುವಂತೆ, ಇರುವುದನ್ನು ನಾವು ಪೂರ್ತಿ ಬಳಸಿಯೇ ಇರುವುದಿಲ್ಲ. ಮೊದಲು ಒಂದು ವಾರ ಕೂತು ಐಟಂ ಪಟ್ಟಿ ಶುಚಿ ಮಾಡಿ. ಒಂದು ವಸ್ತುವಿಗೆ ಒಂದೇ ಕೋಡ್. ಹೊಸ ಕೋಡ್ ಸೇರಿಸುವ ಅಧಿಕಾರ ಒಬ್ಬರಿಗೆ ಮಾತ್ರ, ಅವರು ಸ್ಟೋರಿನ ಜೊತೆ ಕೇಳಿಯೇ ಸೇರಿಸಬೇಕು. ಆಮೇಲೆ ಸ್ಟೋರಿನ ಬಾಗಿಲಲ್ಲೇ ಒಂದು ಕಂಪ್ಯೂಟರ್ ಇಡಿ. ಈಗ ಎಂಟ್ರಿ ಮಾಡಲು ಅವರು ಆಫೀಸಿನ ತನಕ ನಡೆದು ಬರಬೇಕಿದ್ದರೆ, ಅವರು ಬರುವುದಿಲ್ಲ. ನಾನಾದರೂ ಬರುತ್ತಿರಲಿಲ್ಲ.

ಎಣಿಕೆಗೆ ವರ್ಷಕ್ಕೊಮ್ಮೆ ಎಲ್ಲ ಮುಚ್ಚಿ ಕೂರಬೇಡಿ. ದಿನಕ್ಕೆ ಹತ್ತು ಐಟಂ ಎಣಿಸಿ, ಮೊದಲ ಮಾಲು ಹೊರಡುವ ಮುಂಚೆ. ಸ್ಟೋರಿನವರು ಒಬ್ಬರು, ಲೆಕ್ಕದವರು ಒಬ್ಬರು. ಬೆಲೆ ಜಾಸ್ತಿ ಇರುವ, ಓಡಾಟ ಜಾಸ್ತಿ ಇರುವ ಐಟಂಗಳು ಮೊದಲು. ವ್ಯತ್ಯಾಸ ಸಿಕ್ಕಾಗ ತಕ್ಷಣ ಸಂಖ್ಯೆ ತಿದ್ದುವ ಆಸೆ ಬರುತ್ತದೆ. ಅಡ್ಜಸ್ಟ್‌ಮೆಂಟ್ ಎಂಟ್ರಿ ಹಾಕಿದರೆ ಪರದೆ ಮೇಲೆ ಚೆಂದ ಕಾಣುತ್ತದೆ, ಕಾರಣ ಮಣ್ಣಿನಡಿ ಹೋಗುತ್ತದೆ. ಮೊದಲು ಕಾರಣ ಬರೆಯಿರಿ: ತಡವಾದ ಎಂಟ್ರಿಯೋ, ಕೋಡೋ, ಅಳತೆಯೋ, ಹೋಲ್ಡ್ ಮಾಲೋ, ಎಣಿಕೆ ತಪ್ಪೋ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಬರೆಯಿರಿ. ತಿಂಗಳಲ್ಲಿ 200ಕ್ಕೂ ಹೆಚ್ಚು ಎಣಿಕೆ ಆಗುತ್ತದೆ. ಯಾವ ಕಾರಣ ಎಷ್ಟು ಸಲ ಬಂತು ಅಂತ ನೋಡಿದರೆ ಮುಂದೆ ಎಲ್ಲಿ ಕೈ ಹಾಕಬೇಕು ಅಂತ ನಿಮಗೇ ಕಾಣುತ್ತದೆ. ತಿಂಗಳ ಲೆಕ್ಕ 12ನೇ ತಾರೀಕಿಗೆ ಹೋಗುತ್ತಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ ಇರಬೇಕು. ಅಕೌಂಟೆಂಟ್ ತಿಂಗಳ ಕೊನೆಗೆ ಎಲ್ಲರ ತಪ್ಪನ್ನು ಒಟ್ಟಿಗೆ ಹುಡುಕುತ್ತಿರುತ್ತಾರೆ.

ಈ ದಾರಿಯ ಅಪಾಯವನ್ನೂ ಹೇಳಬೇಕು. ಇದು ಬೇಸರದ ಕೆಲಸ. ಎರಡನೇ ತಿಂಗಳಿಗೆ ಜನ ಎಣಿಸುವುದನ್ನು ಬಿಡುತ್ತಾರೆ. ಮನೆಯವರೇ ಒಬ್ಬರು, ನೀವೋ ತಮ್ಮನೋ, ದಿನಕ್ಕೆ ಹದಿನೈದು ನಿಮಿಷ ಅಲ್ಲಿ ನಿಲ್ಲದಿದ್ದರೆ ಇದು ನಡೆಯುವುದಿಲ್ಲ. ತಮ್ಮನಿಗೆ ಇದರಲ್ಲಿ ಆಸಕ್ತಿ ಇದೆ, ಅವರಿಗೇ ವಹಿಸಿ. ಆರು ತಿಂಗಳ ನಂತರ ಇಆರ್‌ಪಿ ಬೇಕೇ ಬೇಕು ಅನ್ನಿಸಿದರೆ ಶುಚಿಯಾದ ಪಟ್ಟಿ ಕೈಯಲ್ಲಿರುತ್ತದೆ, ಈ ಶ್ರಮ ವ್ಯರ್ಥವಾಗುವುದಿಲ್ಲ.

ಬದಲಾಯಿಸಲೇಬೇಕು ಅನ್ನುವ ಸಂದರ್ಭಗಳೂ ಇವೆ. ನಿಮ್ಮ ಸಾಫ್ಟ್‌ವೇರಿಗೆ ಹೋಲ್ಡ್ ಮಾಲನ್ನು ಬೇರೆ ತೋರಿಸಲು ಆಗುವುದಿಲ್ಲ, ಎರಡು ಅಳತೆ ಇಡಲು ಆಗುವುದಿಲ್ಲ, ಅಥವಾ ನಿಮ್ಮದೇ ಡೇಟಾವನ್ನು ಪೂರ್ತಿಯಾಗಿ ಹೊರಗೆ ತೆಗೆದುಕೊಳ್ಳಲು ಬಿಡುವುದಿಲ್ಲ ಅಂತಾದರೆ ಹೊಸದು ಹುಡುಕಿ. ಆಗಲೂ ಸಹಿ ಹಾಕುವ ಮೊದಲು ಅವರ ಡೆಮೊ ಡೇಟಾ ನೋಡಬೇಡಿ. ನಿಮ್ಮದೇ 50 ಐಟಂ, ನಿಮ್ಮದೇ ಒಂದು ವಾಪಸ್ ಬಂದ ಮಾಲು, ನಿಮ್ಮದೇ ಒಂದು ಅರ್ಧ ಪೂರೈಸಿದ ಆರ್ಡರ್ ಕೊಟ್ಟು ಎದುರಿಗೇ ನಡೆಸಿ ತೋರಿಸಿ ಅನ್ನಿ. ಮಾರಾಟ ತಣ್ಣಗಿರುವ ತಿಂಗಳಲ್ಲಿ, ಒಂದೊಂದೇ ವಿಭಾಗವಾಗಿ ಬದಲಾಯಿಸಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ಯಾಕಪ್ ಅದೇ ಕಂಪ್ಯೂಟರಿನಲ್ಲಿ ಇದ್ದರೆ ಅದು ಬ್ಯಾಕಪ್ ಅಲ್ಲ. 2017ರ ಜೂನ್‌ನಲ್ಲಿ ಹಡಗು ಸಾಗಣೆಯ ಮೆರ್ಸ್ಕ್ ಕಂಪನಿಯ ಜಾಲಕ್ಕೆ ವೈರಸ್ ನುಗ್ಗಿತು. ಯಾರು ಯಾವ ಕಂಪ್ಯೂಟರ್ ಬಳಸಬಹುದು ಅಂತ ತಿಳಿಸುವ ಮುಖ್ಯ ಸರ್ವರ್‌ಗಳ ಪ್ರತಿಗಳೆಲ್ಲ ಹಾಳಾದವು, ಒಂದನ್ನು ಬಿಟ್ಟು. ಘಾನಾದಲ್ಲಿದ್ದ ಆ ಒಂದು ಉಳಿದದ್ದು, ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು ಅಂತ. ನಿಮ್ಮ ಡೇಟಾದ ಒಂದು ಪ್ರತಿ ಜಾಲಕ್ಕೆ ಅಂಟದೆ, ಬೇರೆ ಕಟ್ಟಡದಲ್ಲಿ ಇರಲಿ. ಈ ವಾರವೇ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ನಿನ್ನೆಯ ಬಿಲ್ಲು ಕಾಣುತ್ತದೆಯೇ ನೋಡಿ.

ಸ್ಟೋರಿನವರನ್ನು ಬದಲಾಯಿಸಬೇಕೇ ಅಂತ ಕೇಳಿದ್ದಿರಿ. ಬೇಡ. ಈಗಂತೂ ಬೇಡವೇ ಬೇಡ. ನಾಳೆ ಬೆಳಿಗ್ಗೆ ಅವರ ಹತ್ತಿರ ಹೋಗಿ. ವಿಚಾರಣೆಗೆ ಬಂದ ಹಾಗೆ ಅನ್ನಿಸಬಾರದು, ಒಂದು ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. 'ಈ ಪುಸ್ತಕದಲ್ಲಿ ಏನೇನು ಬರೆಯುತ್ತೀರಿ, ಯಾಕೆ ಬರೆಯುತ್ತೀರಿ, ನನಗೆ ತೋರಿಸಿ' ಅನ್ನಿ. ಪ್ರತಿ ಕಾಲಮ್ಮಿನ ಹೆಸರನ್ನೂ ಬರೆದುಕೊಳ್ಳಿ. ಪಕ್ಕದಲ್ಲಿ ಅದಕ್ಕೆ ಸಾಫ್ಟ್‌ವೇರಿನಲ್ಲಿ ಜಾಗ ಇದೆಯೋ ಇಲ್ಲವೋ ಅಂತ ಗುರುತು ಮಾಡಿ. ಆ ಪಟ್ಟಿಯನ್ನು ನನಗೆ ಕಳಿಸಿ. ಇಆರ್‌ಪಿ ಬೇಕೋ ಬೇಡವೋ ಅಂತ ಅದನ್ನು ಎದುರಿಗಿಟ್ಟುಕೊಂಡು ಮಾತಾಡೋಣ.